ಪಕ್ಕದ ಮನೆಯವರು ಮತ ಹಾಕುವುದಿಲ್ಲವಂತೆ

ಏಪ್ರಿಲ್ ಒಂಬತ್ತು, ಗುರುವಾರ. ಮಿಲ್ ಕ್ರೀಕ್ ರಸ್ತೆ, ಮಿನೆಸೋಟಾ. ನಮ್ಮ ಕ್ಷೇತ್ರದಿಂದ ವಾಷಿಂಗ್ಟನ್ನಿನ ಸಂಸತ್ತಿಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಮಾವೇಶ ನಾಡಿದ್ದು ಶನಿವಾರ, ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ. ಅಲ್ಲಿ ಕೈ ಎತ್ತಬೇಕಾದ ಡೆಲಿಗೇಟುಗಳಲ್ಲಿ ನಾನೂ ಒಬ್ಬಳು.

ಕ್ಷೇತ್ರ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಡಾಕ್ಟರ್ ವರ್ನೆಲ್ ಟಿಡ್ವೆಲ್ ಅವರು ಸ್ಪರ್ಧೆಯಿಂದ ಹಿಂದೆ ಸರಿಯಬೇಕೆಂದು ನೀವು ಅವರಿಗೆ ಫೋನು ಮಾಡಿ ಹೇಳಿದ್ದೀರಿ. ಕಾರಣವನ್ನೂ ಹೇಳಿದ್ದೀರಿ: ನಮ್ಮ ಕ್ಷೇತ್ರದ ಹಳ್ಳಿಗಾಡಿನ ಜನ ಕಪ್ಪು ಹೆಂಗಸಿಗೆ ಮತ ಹಾಕುವುದಿಲ್ಲ. ಹಳ್ಳಿಗಾಡಿನ ಜನ ಎಂದರೆ ನನ್ನ ನೆರೆಹೊರೆಯವರು. ನನ್ನ ನೆರೆಹೊರೆಯವರ ಮನಸ್ಸಿನಲ್ಲಿ ಇರುವುದು ಇಷ್ಟು ದೂರದಲ್ಲಿರುವ ನಿಮಗೆ ಇಷ್ಟು ಸ್ಪಷ್ಟವಾಗಿ ಕಂಡಿದೆ, ಅವರ ಬೇಲಿಯ ಪಕ್ಕದಲ್ಲೇ ಇರುವ ನನಗೆ ಕಂಡಿಲ್ಲ. ಇದು ನನ್ನ ಅವಮಾನವೋ ನಿಮ್ಮ ಸಾಧನೆಯೋ ಎಂದು ಖಚಿತಪಡಿಸಿಕೊಳ್ಳಲು ಈ ವಾರವೆಲ್ಲ ಓಡಾಡಿದೆ. ಕಂಡದ್ದನ್ನು ಪತ್ರಿಕೆಯ ಮೂಲಕವೇ ತಿಳಿಸುತ್ತಿದ್ದೇನೆ. ಖಾಸಗಿಯಾಗಿ ಬರೆದರೆ ನೀವು ಖಾಸಗಿಯಾಗಿ ಒಪ್ಪಿಕೊಂಡು, ಬಹಿರಂಗವಾಗಿ ಬೇರೇನನ್ನೋ ಮಾಡುವ ಸಂಭವವಿದೆ.

ಮೊದಲು ನೀವು ಕಳೆದ ವಾರ ನಮ್ಮ ಚರ್ಚಿನ ನೆಲಮಾಳಿಗೆಗೆ ಬಂದ ವಿಷಯ. ನಾವು ಡೆಲಿಗೇಟುಗಳು ಅಲ್ಲಿ ಕೂತಿದ್ದೆವು. ನಮ್ಮನ್ನು ಯಾರೂ ಪೈಪೋಟಿಯಲ್ಲಿ ಆರಿಸಿಲ್ಲ. ಫೆಬ್ರವರಿಯ ಆ ಚಳಿಯಲ್ಲಿ ಪಕ್ಷದ ಸಭೆಗೆ ಬಂದವರಿಗಿಂತ ಡೆಲಿಗೇಟು ಸ್ಥಾನಗಳೇ ಹೆಚ್ಚಿದ್ದವು, ಬಾಗಿಲ ಹತ್ತಿರ ಕೂತಿದ್ದವರು ಕೂಡ ತಪ್ಪಿಸಿಕೊಳ್ಳಲಾಗಲಿಲ್ಲ. ನೀವು ಗೋಡೆಯ ಮೇಲೆ ಸಮೀಕ್ಷೆಯ ಲೆಕ್ಕದ ಬಣ್ಣಬಣ್ಣದ ಚಿತ್ರ ಬಿಟ್ಟಿರಿ. ಸಮೀಕ್ಷೆಯಲ್ಲಿ ಎರಡು ಪ್ರಶ್ನೆ ಕೇಳಿದ್ದೆವು ಎಂದಿರಿ. ಟಿಡ್ವೆಲ್ ಅವರಿಗೆ ನೀವು ಮತ ಹಾಕುತ್ತೀರಾ ಎನ್ನುವುದು ಒಂದು, ನಿಮ್ಮ ನೆರೆಯವರು ಹಾಕುತ್ತಾರಾ ಎನ್ನುವುದು ಇನ್ನೊಂದು. ಚಿತ್ರದಲ್ಲಿ ಇದ್ದದ್ದು ಎರಡನೆಯದರ ಉತ್ತರ ಮಾತ್ರ.

ಮೊದಲನೆಯದಕ್ಕೆ ಏನು ಉತ್ತರ ಬಂತು ಎಂದು ನಾನು ಕೇಳಿದೆ. ನಿಮಗೆ ನೆನಪಿರಬಹುದು, ಬೂದು ಬಣ್ಣದ ಸ್ವೆಟರಿನವಳು.

"ಅದು ಮುಖ್ಯ ಅಲ್ಲ ಮೇಡಂ," ಎಂದಿರಿ. "ನೀವು ಹಾಕ್ತೀರಾ ಅಂದ್ರೆ ಎಲ್ರೂ ಹೂಂ ಅಂತಾರೆ. ಯಾರು ತಾನೇ ಕೆಟ್ಟವರು ಅನ್ನಿಸ್ಕೊಳ್ತಾರೆ? ಪಕ್ಕದ ಮನೆಯವರು ಹಾಕ್ತಾರಾ ಅಂತ ಕೇಳಿ, ಆಗ ನಿಜ ಹೊರಗೆ ಬರುತ್ತೆ."

"ಅಂದ್ರೆ ನಾವು ನಮ್ಮ ಬಗ್ಗೆ ಸುಳ್ಳು ಹೇಳ್ತೀವಿ, ಬೇರೆಯವರ ಬಗ್ಗೆ ನಿಜ ಹೇಳ್ತೀವಿ ಅಂತಲಾ?"

"ಹಾಗಲ್ಲ ಮೇಡಂ. ನೋಡಿ, ವೈಯಕ್ತಿಕವಾಗಿ ನನಗೇನೂ ಅಡ್ಡಿ ಇಲ್ಲ. ಡಾಕ್ಟರ್ ಟಿಡ್ವೆಲ್ ಅಂದ್ರೆ ನಂಗೆ ತುಂಬಾ ಗೌರವ. ಆದ್ರೆ ಜನ ಇನ್ನೂ ತಯಾರಿಲ್ಲ."

ಜನ ಇನ್ನೂ ತಯಾರಿಲ್ಲ. ಹಿಟ್ಟು ಉಬ್ಬುವುದನ್ನು ಕಾಯುವ ಬ್ರೆಡ್ಡಿನವನ ಹಾಗೆ ಅಂದಿರಿ. ಹಿಟ್ಟಿನ ಮೇಲೆ ಮುಚ್ಚಿದ ಬಟ್ಟೆ ಎತ್ತಿ ನೋಡುವ ಅಧಿಕಾರ ಯಾರಿಗಿದೆ ಎಂದು ಮಾತ್ರ ಹೇಳಲಿಲ್ಲ. ನೀವು ತಯಾರು, ನಾನು ತಯಾರು, ಆ ನೆಲಮಾಳಿಗೆಯಲ್ಲಿ ತಲೆಯಾಡಿಸಿದ ಅಷ್ಟೂ ಜನ ತಯಾರು. ಹಾಗಾದರೆ ತಯಾರಿಲ್ಲದ ಈ ಜನ ಎಲ್ಲಿ ವಾಸಿಸುತ್ತಾರೆ? ಅವರಿಗೆ ತೆರಿಗೆ ಬರುತ್ತದೆಯೇ? ಅವರ ಹಿಮ ತೆಗೆಯುವವರು ಯಾರು?

ಅನುವಾದಗೊಂಡ ಕಾದಂಬರಿಗಳನ್ನು ಓದುವ ಅಭ್ಯಾಸ ನನಗೆ. ಹಾಗಾಗಿ ಒಂದು ಮಾತು ಇನ್ನೊಂದು ಮಾತಿನ ವೇಷ ಹಾಕಿಕೊಂಡು ಬಂದಾಗ ಒಳಗಿರುವುದು ಯಾವುದು ಎಂದು ನೋಡದೆ ಇರಲಾಗುವುದಿಲ್ಲ. ನೀವು ಆ ಸಂಜೆ ಪದೇ ಪದೇ ಬಳಸಿದ ಮಾತು "ಗೆಲ್ಲಬಲ್ಲ ಅಭ್ಯರ್ಥಿ". ನಿಮ್ಮ ಗೆಲ್ಲಬಲ್ಲ ಅಭ್ಯರ್ಥಿ ಕಾರು ಮಾರುವ ಕೆಂಟ್ ಲಿಂಡ್ಗ್ರೆನ್. ಅವರು ಇದೇ ಕ್ಷೇತ್ರದಲ್ಲಿ ಎರಡು ಸಲ ನಿಂತು ಎರಡು ಸಲವೂ ಸೋತಿದ್ದಾರೆ, ಎರಡನೆಯ ಸಲ ಇನ್ನಷ್ಟು ಚೆನ್ನಾಗಿ. ಡಾಕ್ಟರ್ ಟಿಡ್ವೆಲ್ ಕೌಂಟಿ ಮಂಡಳಿಗೆ ನಿಂತಾಗಲೆಲ್ಲ ಗೆದ್ದಿದ್ದಾರೆ, ಅದೂ ಇದೇ ರಸ್ತೆಗಳ ಮತದಿಂದ. ಸೋತವರು ಗೆಲ್ಲಬಲ್ಲವರು, ಗೆದ್ದವರು ಗೆಲ್ಲಲಾರದವರು. ಇದನ್ನು ಯಾವ ಭಾಷೆಯಿಂದ ಯಾವ ಭಾಷೆಗೆ ತಂದರೂ ಒಂದೇ ಅರ್ಥ ಉಳಿಯುತ್ತದೆ: ಬಿಳಿಯ. ಅದನ್ನೇ ನೇರವಾಗಿ ಹೇಳಿದ್ದರೆ ನಿಮಗೆ ಅಷ್ಟು ಚಿತ್ರಗಳ ಶ್ರಮ ತಪ್ಪುತ್ತಿತ್ತು.

ಆ ಸಂಜೆ ಇನ್ನೊಂದು ಘಟನೆ ನಡೆಯಿತು. ನಿಮಗದು ಘಟನೆ ಎಂದು ಗೊತ್ತಾಗಿರಲಿಕ್ಕಿಲ್ಲ. ಕಾಫಿಯ ಜೊತೆ, ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವ ಲೋಯಿಸ್ ಹೌಗೆನ್ ಮಾಡಿದ ನಿಂಬೆಯ ಸಿಹಿ ಬಿಲ್ಲೆಗಳಿದ್ದವು. ತಟ್ಟೆಯಲ್ಲಿ ಕೊನೆಯದೊಂದು ಉಳಿಯಿತು. ನಮ್ಮ ಕಡೆ ಕೊನೆಯದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಯಾರೋ ಬಂದು ಅರ್ಧ ಕತ್ತರಿಸಿ ಅರ್ಧ ಉಳಿಸುತ್ತಾರೆ. ಇನ್ನೊಬ್ಬರು ಆ ಅರ್ಧದಲ್ಲಿ ಅರ್ಧ. ಕೊನೆಗೆ ಉಗುರಿನಷ್ಟು ಉಳಿದು, ಅದೂ ಒಣಗಿ, ತಟ್ಟೆ ತೊಳೆಯುವವರ ಕೈ ಸೇರುತ್ತದೆ. ಬೇಕಾ ಎಂದರೆ "ನಂಗೆ ಬೇಡಪ್ಪ, ಯಾರಿಗಾದ್ರೂ ಬೇಕಾಗುತ್ತೆ" ಎನ್ನುತ್ತೇವೆ. ಆ ಯಾರಾದರೂ ಎನ್ನುವವರು ಈವರೆಗೆ ಬಂದದ್ದಿಲ್ಲ. ನೀವು ಮಾತಾಡುತ್ತಲೇ ಆ ಕೊನೆಯ ಬಿಲ್ಲೆಯನ್ನು ಇಡಿಯಾಗಿ ಎತ್ತಿ ಬಾಯಿಗೆ ಹಾಕಿಕೊಂಡಿರಿ. ಕೋಣೆ ಒಂದು ಗಳಿಗೆ ಮೌನವಾಯಿತು. ನಿಮ್ಮ ಚಿತ್ರ ನಮ್ಮನ್ನು ಮೌನಗೊಳಿಸಿತೆಂದು ನೀವು ತಿಳಿದಿರಿ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ನಮಗೆ ಬೇಕಾದ್ದನ್ನಾಗಲಿ ಬೇಡವಾದ್ದನ್ನಾಗಲಿ ನಾವು ನಮ್ಮ ಹೆಸರಿನಲ್ಲಿ ಹೇಳುವ ಜನ ಅಲ್ಲ. ಚಳಿಯಾದರೆ "ಮಕ್ಕಳಿಗೆ ಚಳಿಯಾಗ್ತಿರಬಹುದು" ಎನ್ನುತ್ತೇವೆ. ಪಾದ್ರಿಯ ಉಪದೇಶ ಉದ್ದವಾದರೆ "ವಯಸ್ಸಾದವರಿಗೆ ಕಷ್ಟ" ಎನ್ನುತ್ತೇವೆ. ಇಂಥವರ ಮನೆಗೆ ಫೋನು ಮಾಡಿ "ನಿಮ್ಮ ನೆರೆಯವರಿಗೆ ಅಡ್ಡಿಯಿದೆಯೇ" ಎಂದು ಕೇಳಿದ್ದೀರಲ್ಲ, ಮಾನ್ಯರೇ, ಮೀನಿಗೆ ನೀರಿನ ಬಗ್ಗೆ ಕೇಳಿದ ಹಾಗಾಯಿತು.

ನನಗೂ ಆ ಫೋನು ಬಂದಿತ್ತು. ಮಾತಾಡಿದ ಹೆಂಗಸಿನ ದನಿ ದಣಿದಿತ್ತು.

"ನಿಮ್ಮ ನೆರೆಯವರು ಡಾಕ್ಟರ್ ಟಿಡ್ವೆಲ್ ಅವರಿಗೆ ಮತ ಹಾಕ್ತಾರೆ ಅನ್ಸುತ್ತಾ?"

"ಯಾವ ನೆರೆಯವರು?"

"ಸುಮ್ನೆ... ನೆರೆಯವರು, ಮೇಡಂ. ಒಟ್ಟಾರೆ."

"ನಾನು ಕೇಳಿಲ್ಲ. ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಹಾಕೋಕೆ ಇಲ್ಲಿ ಬರಲ್ಲ ಮೇಡಂ. 'ಅನುಮಾನ' ಅಂತ ಹಾಕ್ಲಾ?"

ಹಾಕಿ ಎಂದೆ, ಪಾಪ, ಅವಳೂ ಮನೆಗೆ ಹೋಗಬೇಕಲ್ಲ. ನಿಮ್ಮ ಚಿತ್ರದಲ್ಲಿ 'ಅನುಮಾನ' ಎಂದವರೆಲ್ಲ 'ಹಾಕುವುದಿಲ್ಲ' ಎಂಬ ಕೆಂಪು ಬಣ್ಣದೊಳಗೆ ಸೇರಿದ್ದನ್ನು ನೆಲಮಾಳಿಗೆಯಲ್ಲಿ ನೋಡಿದೆ. ಹೀಗಾಗಿ ಡಾಕ್ಟರ್ ಟಿಡ್ವೆಲ್ ಅವರ ವಿರುದ್ಧ ಮತ ಹಾಕಿದವರಲ್ಲಿ, ನನ್ನ ಅಪ್ಪಣೆಯಿಲ್ಲದೆ, ನಾನೂ ಇದ್ದೇನೆ.

ಆದ್ದರಿಂದ ಸೋಮವಾರ ಬೆಳಿಗ್ಗೆ ಬೂಟು ಹಾಕಿಕೊಂಡು ಹೊರಟೆ. ನಮ್ಮ ರಸ್ತೆಯಲ್ಲಿ ಈ ನೆರೆಯವರು ಯಾರು ಎಂದು ಕಂಡುಹಿಡಿಯಬೇಕಿತ್ತು. ಮೊದಲ ಮನೆ ಡಾರ್ಲೀನ್ ಓಸ್ಟ್‌ಬಿಯದು. ಅವಳೂ ಡೆಲಿಗೇಟ್. ಹಾಲಿನ ಡೇರಿ ಅವರದು. ಡಾಕ್ಟರ್ ಟಿಡ್ವೆಲ್ ಪಶುವೈದ್ಯೆ ಎಂಬುದನ್ನು ನಿಮ್ಮ ಚಿತ್ರ ಹೇಳಲಿಲ್ಲ, ಆದ್ದರಿಂದ ಹೇಳುತ್ತೇನೆ: ಓಸ್ಟ್‌ಬಿಯವರ ಕೊಟ್ಟಿಗೆಯಲ್ಲಿ ಈಗ ಮೇಯುತ್ತಿರುವ ಹಸುಗಳಲ್ಲಿ ಬಹಳಷ್ಟು ಈ ಲೋಕಕ್ಕೆ ಬಂದದ್ದು ಈ ಡಾಕ್ಟರ ಕೈ ಹಿಡಿದೇ.

"ನಂಗೇನು ಮಾರಾಯ್ತಿ, ನಾನು ಹಾಕೇ ಹಾಕ್ತೀನಿ," ಎಂದಳು ಡಾರ್ಲೀನ್, ಕಾಫಿ ಸುರಿಯುತ್ತ. "ವರ್ನೆಲ್ ಅಂದ್ರೆ ನಮ್ಮ ಮನೆಯವಳ ಥರ. ಆದ್ರೆ ನೋಡು, ಕೊಟ್ಟಿಗೇಲಿ ಡಾಕ್ಟರು ಅನ್ನೋದು ಒಂದು. ಟೀವೀಲಿ ನಮ್ಮ ಮುಖ ಅಂತ ಅವಳು ಕಾಣೋದು... ಅದು ಬೇರೆ. ನಾನ್ ಹೇಳ್ತಿಲ್ಲ ಮತ್ತೆ. ಜನ ಹೇಳ್ತಾರೆ."

"ಯಾವ ಜನ?"

"ಅಯ್ಯೋ, ಜನ ಕಣೆ."

"ಹೆಸರು ಹೇಳು ಡಾರ್ಲೀನ್. ನಾನು ಹೋಗಿ ಮಾತಾಡಿಸ್ತೀನಿ."

ಅವಳು ಕಿಟಕಿಯಾಚೆ ನೋಡಿದಳು. "ಗೆರ್ಹಾರ್ಡ್ ಇದಾನಲ್ಲ. ಹಳೇ ಕಾಲದವನು. ಅವನಿಗೆ ಸರಿಹೋಗಲ್ಲ ಅನ್ಸುತ್ತೆ."

ಮಾನ್ಯರೇ, ಡಾರ್ಲೀನಳ ಆ "ಅದು ಬೇರೆ" ಎಂಬುದನ್ನು ನಾನು ಮರೆಮಾಚುವುದಿಲ್ಲ. ಬಣ್ಣ ಲೆಕ್ಕಕ್ಕೇ ಬರುವುದಿಲ್ಲ ಎಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಬರುತ್ತದೆ. ಆದರೆ ಹೇಗೆ ಬರುತ್ತದೆ ಎಂದು ನೋಡಿ. ಅಡುಗೆಮನೆಯ ಮೇಜಿನ ಮೇಲೆ ಒಂದು ಗಳಿಗೆ ತಲೆಯೆತ್ತಿತು. ಯಾರದು ಎಂದು ಕೇಳಿದ ಕೂಡಲೇ ಬೇಲಿ ಹಾರಿ ಗೆರ್ಹಾರ್ಡನ ಹೊಲಕ್ಕೆ ಹೋಯಿತು.

ಗೆರ್ಹಾರ್ಡ್ ಮುಂಟ್ ಮೇವಿನ ಅಂಗಡಿ ನಡೆಸಿ ನಿವೃತ್ತನಾದವನು. ಬಾಗಿಲಲ್ಲೇ ಸಿಕ್ಕ.

"ಯಾರಂದಿದ್ದು ಹಾಗೆ? ಡಾರ್ಲೀನಾ?" ಅವನಿಗೆ ನಿಜಕ್ಕೂ ನೋವಾಯಿತು. "ಆ ಡಾಕ್ಟರಮ್ಮನಿಗೆ ಅಂಗಡಿಯಲ್ಲಿ ಎಷ್ಟು ವರ್ಷ ಸಾಲ ಬರ್ಕೊಂಡಿದೀನಿ, ಒಂದಿನ ತಡ ಮಾಡಿಲ್ಲ ಆಕೆ. ನಾನು ಹಾಕ್ತೀನಮ್ಮ. ಆದ್ರೆ ನನ್ನೊಬ್ಬನ ವೋಟಿಂದ ಏನಾಗುತ್ತೆ? ಚರ್ಚಿನವರು ಹಾಕಲ್ವಲ್ಲ."

"ಚರ್ಚಿನವರು ಅಂದ್ರೆ?"

"ಲೋಯಿಸನ್ನ ಕೇಳು. ಆರ್ಗನ್ ಹಿಂದೆ ಕೂತ್ಕೊಂಡು ಎಲ್ಲರ ಮುಖ ನೋಡ್ತಿರ್ತಾಳೆ. ಅವಳೇ ಹಾಕಲ್ಲ ಅನ್ಸುತ್ತೆ ನಂಗೆ."

ಲೋಯಿಸ್ ಮನೆಗೆ ಹೋಗುವ ದಾರಿಯಲ್ಲಿ ಮರ್ಲ್ ಕ್ರಾಂಟ್ಸ್ ಸಿಕ್ಕಿದ. ಚಳಿಗಾಲದಲ್ಲಿ ಮಂಜುಗಟ್ಟಿದ ಕೆರೆಯ ಮೇಲೆ ಇಟ್ಟು, ಒಳಗೆ ಕೂತು ಮೀನು ಹಿಡಿಯುವ ತನ್ನ ಮರದ ಗೂಡನ್ನು ಎಳೆದು ತಂದು ಅಂಗಳದಲ್ಲಿ ರಿಪೇರಿ ಮಾಡುತ್ತಿದ್ದ. ಅವನನ್ನು ಕೇಳಬೇಕೆಂದಿರಲಿಲ್ಲ. ಎಲ್ಲಿಗೆ ಹೊರಟೆ ಎಂದು ಅವನೇ ಕೇಳಿದ. ಹೇಳಿದೆ.

"ನಾನು ಹಾಕಲ್ಲ," ಎಂದ ಮರ್ಲ್, ಮೊಳೆ ಬಾಯಲ್ಲಿ ಕಚ್ಚಿಕೊಂಡೇ. "ಕರಿಯರು ನನ್ನನ್ನ ಆಳೋದು ಬೇಡ. ಬರ್ಕೋ ಬೇಕಾದ್ರೆ."

"ಫೋನಲ್ಲಿ ಹೀಗೇ ಹೇಳಿದ್ಯಾ?"

"ನಂಗೆಲ್ಲಿ ಫೋನ್ ಮಾಡ್ತಾರೆ ಅವರು? ನಾನು ಯಾವತ್ತು ನಿಮ್ಮ ಪಕ್ಷಕ್ಕೆ ಹಾಕಿದೀನಿ? ಆ ಲಿಂಡ್ಗ್ರೆನ್‌ಗೂ ಹಾಕಲ್ಲ. ಅವನ ಹತ್ರ ತಗೊಂಡ ಟ್ರಕ್ಕು ಎರಡನೇ ಚಳಿಗಾಲಕ್ಕೇ ಕೈ ಕೊಡ್ತು."

ಇದೋ ಮಾನ್ಯರೇ, ನಮ್ಮ ರಸ್ತೆಯಲ್ಲಿ ತನ್ನ ಬಾಯಿಂದ ತಾನೇ ಹೇಳಿದ ಏಕೈಕ ಮನುಷ್ಯ. ಅವನ ಮಾತು ಹೇಸಿಗೆ. ಅದಕ್ಕೆ ಯಾವ ರಿಯಾಯಿತಿಯನ್ನೂ ನಾನು ಕೊಡುವುದಿಲ್ಲ, ಅಲ್ಲೂ ಕೊಡಲಿಲ್ಲ. ಆದರೆ ಈ ಒಬ್ಬ ಮರ್ಲನ ಮತ ಕಳೆದುಹೋಗದಿರಲೆಂದು ನೀವು ಡಾಕ್ಟರ್ ಟಿಡ್ವೆಲ್ ಅವರನ್ನು ಮನೆಗೆ ಕಳಿಸುತ್ತಿದ್ದೀರಿ. ಅವನೋ, ಸ್ವರ್ಗದಿಂದ ದೇವದೂತನನ್ನು ಇಳಿಸಿ ನಿಲ್ಲಿಸಿದರೂ ನಿಮ್ಮ ಪಕ್ಷಕ್ಕೆ ಮತ ಹಾಕುವವನಲ್ಲ. ಅವನಿಗಾಗಿ ಇಷ್ಟೆಲ್ಲ ತ್ಯಾಗ ಮಾಡುತ್ತಿರುವುದನ್ನು ಅವನಿಗಾದರೂ ತಿಳಿಸಿ. ಸಂತೋಷಪಡುತ್ತಾನೆ.

ಲೋಯಿಸ್ ಹೌಗೆನ್ ಮನೆಯಲ್ಲಿ ನಾನು ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಕಾಫಿ ಒಪ್ಪಿಕೊಂಡೆ. ಗೆರ್ಹಾರ್ಡ್ ಹೇಳಿದ್ದನ್ನು ಕೇಳಿ ಲೋಯಿಸ್ ಬಟ್ಟಲು ಕೆಳಗಿಟ್ಟಳು.

"ನಾನಾ? ವರ್ನೆಲ್ ಪರವಾಗಿ ಅಂಗಳದಲ್ಲಿ ಫಲಕ ನಿಲ್ಲಿಸಿರೋಳು ಈ ರಸ್ತೇಲಿ ನಾನೊಬ್ಬಳೇ. ಗಾಳಿಗೆ ಬಿದ್ದಾಗೆಲ್ಲ ಎತ್ತಿ ನಿಲ್ಲಿಸ್ತೀನಿ."

"ಹಾಗಾದ್ರೆ ಸಮೀಕ್ಷೆಯವರಿಗೆ ಏನಂದೆ?"

"ನಾನು ಹಾಕ್ತೀನಿ ಅಂದೆ."

"ನೆರೆಯವರು?"

ಲೋಯಿಸ್ ಸಕ್ಕರೆ ಡಬ್ಬಿಯನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು. ಮುಖ ಕೆಂಪಾಯಿತು.

"ಹೇಳು ಲೋಯಿಸ್. ಯಾರನ್ನ ನೆನೆಸ್ಕೊಂಡು ಹಾಕಲ್ಲ ಅಂದೆ?"

"ಬೇಜಾರು ಮಾಡ್ಕೋಬೇಡ."

"ಇಲ್ಲ."

"ನಿನ್ನನ್ನ ಕಣೆ, ಹ್ಯಾರಿಯೆಟ್."

ಮಾನ್ಯರೇ, ನಾನು ನಿಧಾನವಾಗಿ ಅರ್ಥ ಮಾಡಿಕೊಳ್ಳುವವಳು. ಕಾಫಿ ಕುಡಿದು ಮುಗಿಸಿದೆ.

"ಯಾಕೆ?"

"ಇನ್ನೇನಂದ್ಕೋಬೇಕು ಹೇಳು?" ಈಗ ಅವಳಿಗೇ ಸಿಟ್ಟು ಬಂತು. "ರಸ್ತೆ ಕಡೆ ಪರದೆ ಯಾವಾಗ್ಲೂ ಎಳೆದಿರುತ್ತೆ. ಅಂಗಳದಲ್ಲಿ ಒಂದು ಫಲಕ ಇಲ್ಲ. ವರ್ನೆಲ್ ಮಂಡಳಿಗೆ ನಿಂತಾಗ ನಮ್ಮನೇಲಿ ಕಾಫಿಗೆ ಕರೆದೆ, ಎಲ್ರೂ ಬಂದ್ರು, ನೀನು ಬರ್ಲಿಲ್ಲ. ಒಬ್ಬಳೇ ಕೂತ್ಕೊಂಡು ಯಾವ್ಯಾವ್ದೋ ದೇಶದ ಪುಸ್ತಕ ಓದ್ತೀಯ. ಮಾತಾಡದೇ ಇರೋರ ತಲೇಲಿ ಏನಿರುತ್ತೋ ಯಾರಿಗೆ ಗೊತ್ತು?"

"ನಾನು ಆಗ್ಲೂ ಅವರಿಗೇ ಹಾಕಿದೆ. ಎರಡು ಸಲವೂ."

"ಹಾಗಾದ್ರೆ ಬಾಯಿಬಿಟ್ಟು ಹೇಳ್ಬಾರ್ದಾ, ಮಹರಾಯ್ತಿ?"

ಪರದೆ ಎಳೆದಿರುವುದು ಬಿಸಿಲಿಗೆ ಪುಸ್ತಕಗಳ ಬೆನ್ನು ಬಿಳಿಚಿಕೊಳ್ಳದಿರಲೆಂದು. ಕಾಫಿಗೆ ಹೋಗದಿದ್ದದ್ದು ನನಗೆ ಕಾಫಿಕೂಟಗಳು ಸೇರುವುದಿಲ್ಲವೆಂದು. ಇವು ನನಗೆ ಒಳ್ಳೆಯ ಕಾರಣಗಳು. ಲೋಯಿಸಳಿಗೆ ಅವು ಒಂದು ಮುಚ್ಚಿದ ಮನೆ ಮಾತ್ರ, ಅದರೊಳಗೆ ಅವಳು ತನಗೆ ಭಯವಿದ್ದದ್ದನ್ನು ಇಟ್ಟಳು. ಡಾರ್ಲೀನ್ ಗೆರ್ಹಾರ್ಡನೊಳಗೆ ಇಟ್ಟ ಹಾಗೆ, ಗೆರ್ಹಾರ್ಡ್ ಲೋಯಿಸಳೊಳಗೆ ಇಟ್ಟ ಹಾಗೆ. ನೀವು ಅಷ್ಟನ್ನೂ ಒಟ್ಟುಗೂಡಿಸಿ ಕೆಂಪು ಬಣ್ಣ ಬಳಿದು ಗೋಡೆಗೆ ಬಿಟ್ಟಿರಿ. ಅದನ್ನು ನೋಡಿದ ನಾವು "ಛೆ, ನಮ್ಮ ಜನ ಹೀಗಿದ್ದಾರಲ್ಲ" ಎಂದು ಮನೆಗೆ ಹೋದೆವು. ಮುಂದಿನ ಸಲ ಫೋನು ಬಂದರೆ ಈಗ ಇನ್ನೂ ಧೈರ್ಯವಾಗಿ ಹೇಳುತ್ತೇವೆ, ನೆರೆಯವರು ಹಾಕುವುದಿಲ್ಲವೆಂದು. ಅಧ್ಯಕ್ಷರೇ ಚಿತ್ರ ತೋರಿಸಿದ್ದಾರಲ್ಲ.

ಮರುದಿನ ಡಾಕ್ಟರ್ ಟಿಡ್ವೆಲ್ ಅವರನ್ನು ನೋಡಬೇಕೆನ್ನಿಸಿತು. ಕಾರಣವಿಲ್ಲದೆ ಯಾರ ಬಾಗಿಲಿಗೂ ಹೋಗಿ ನನಗೆ ಅಭ್ಯಾಸವಿಲ್ಲ. ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಕ್ಲಿನಿಕ್ಕಿಗೆ ಹೋದೆ. ಅವರು ಬೆಕ್ಕಿನ ಕಣ್ಣು ನೋಡಿದರು, ಹಲ್ಲು ನೋಡಿದರು, ಹೊಟ್ಟೆ ಒತ್ತಿದರು.

"ಇದಕ್ಕೇನಾಗಿದೆ?"

"ಏನೂ ಆಗಿಲ್ಲ."

"ಅದು ಗೊತ್ತಾಯ್ತು. ನಿಮಗೇನಾಗಿದೆ, ಹ್ಯಾರಿಯೆಟ್?"

ರಸ್ತೆಯ ಕಥೆಯನ್ನೆಲ್ಲ ಹೇಳಿದೆ. ಮರ್ಲ್ ಹೇಳಿದ್ದನ್ನು ಬಿಟ್ಟೆ. "ಮರ್ಲ್ ಏನಂದ?" ಎಂದು ಅವರೇ ಕೇಳಿದರು. ಅದನ್ನೂ ಹೇಳಿದೆ. ಅವರು ನಕ್ಕರು, ಹೆಚ್ಚೇನಲ್ಲ.

"ನಾನು ಸೇಂಟ್ ಲೂಯಿಸಿಂದ ಇಲ್ಲಿಗೆ ಬಂದ ಹೊಸದರಲ್ಲಿ," ಎಂದರು, "ರೈತರ ಹೆಂಡತಿಯರು ಹೇಳೋರು, 'ನಂಗೇನಿಲ್ಲ ಡಾಕ್ಟರ್, ನಮ್ಮೆಜಮಾನ್ರಿಗೆ ಹಳೇ ಡಾಕ್ಟರೇ ಆಗ್ಬೇಕು' ಅಂತ. ಕೊಟ್ಟಿಗೆಗೆ ಹೋದ್ರೆ ಯಜಮಾನ್ರು, 'ನಂಗೇನಿಲ್ಲ, ನಮ್ಮವಳು ಸ್ವಲ್ಪ ಹಿಂಜರೀತಾಳೆ' ಅನ್ನೋರು. ಆಮೇಲೆ ಒಂದಿನ ಹಸು ಹೊಟ್ಟೇಲಿ ಕರು ಅಡ್ಡ ಸಿಕ್ಕಾಕೊಳ್ತು. ಹಳೇ ಡಾಕ್ಟರು ಊರಲ್ಲಿರಲಿಲ್ಲ. ಆಗ ಗಂಡನೂ ಇಲ್ಲ ಹೆಂಡತಿಯೂ ಇಲ್ಲ. 'ಬೇಗ ಬನ್ನಿ' ಅಷ್ಟೇ."

"ಹಿಂದೆ ಸರೀತೀರಾ?"

ಅವರು ಬೆಕ್ಕನ್ನು ಬುಟ್ಟಿಗೆ ಇಳಿಸಿದರು. "ಅಧ್ಯಕ್ಷರು ಒಂದು ಮಾತು ಹೇಳಿದ್ರು. ಪಟ್ಟಣದವರು ಯಾರಾದ್ರೂ ನನ್ನ ಹೆಸರು ಸೂಚಿಸ್ತಾರಂತೆ, ಅನುಮಾನ ಇಲ್ಲ. ಆದ್ರೆ ಹಳ್ಳಿ ಕಡೆಯಿಂದ ಒಬ್ರೂ ಏಳಲ್ಲವಂತೆ. ಆಗ ನಾನು ಪಟ್ಟಣದವರ ಅಭ್ಯರ್ಥಿ ಆಗ್ತೀನಿ, ಅಲ್ಲಿಗೆ ಕಥೆ ಮುಗೀತು. ಅದರ ಬದಲು 'ಮನೆಯ ಕಾರಣಗಳಿಂದ' ಅಂತ ಹೇಳಿ ಮರ್ಯಾದೆಯಿಂದ ಹೊರಗೆ ಬನ್ನಿ, ರಾಜ್ಯದ ಪಶುಸಂಗೋಪನಾ ಸಲಹಾ ಸಮಿತೀಲಿ ಒಂದು ಕುರ್ಚಿ ಇದೆ ಅಂದ್ರು. ಮನೇಲಿ ಎಲ್ರೂ ಆರೋಗ್ಯವಾಗಿದಾರೆ, ಹ್ಯಾರಿಯೆಟ್. ಏನು ಕಾರಣ ಅಂತ ಹೇಳ್ಲಿ ಅಂತ ನನ್ನ ಗಂಡ ಕೇಳ್ತಿದಾರೆ."

"ನೀವೇನಂದ್ರಿ?"

"ಹಳ್ಳಿ ಕಡೆಯಿಂದ ಒಬ್ರು ಎದ್ದು ಹೆಸರು ಹೇಳಿದ್ರೆ ಇರ್ತೀನಿ. ಇಲ್ಲಾಂದ್ರೆ ಶನಿವಾರ ನಾನೇ ಹೋಗಿ ಅಧ್ಯಕ್ಷರಿಗೆ 'ನಿಮ್ಮ ಕುರ್ಚಿ ನೀವೇ ಇಟ್ಕೊಳ್ಳಿ' ಅಂತ ಹೇಳಿ ಮನೆಗೆ ಬರ್ತೀನಿ. ಯಾರನ್ನೂ ಕೇಳ್ಕೊಳ್ಳಲ್ಲ. ನಿಮ್ಮನ್ನೂ ಕೇಳ್ತಿಲ್ಲ." ಆಮೇಲೆ, ಬಾಗಿಲ ಹತ್ತಿರ, "ಬೆಕ್ಕಿಗೆ ಸ್ವಲ್ಪ ಊಟ ಕಡಿಮೆ ಮಾಡಿ," ಎಂದರು.

ಹೀಗಾಗಿ ಮಾನ್ಯರೇ, ವಿಷಯ ಇರುವುದು ಇಷ್ಟೇ. ದೇಶದ ಸಂಸತ್ತಿಗೆ ನಿಲ್ಲುವವರ ಬಣ್ಣ ಅವರ ಗೆಲುವಿನ ಮೇಲೆ ಪರಿಣಾಮ ಬೀರುತ್ತದೆಯೇ ಎಂದು ಕೇಳಿದರೆ, ಬೀರುತ್ತದೆ. ಅದರ ಬಹುಪಾಲು ಕೆಲಸ ಮತಪೆಟ್ಟಿಗೆಗೆ ಬರುವ ಮೊದಲೇ, ಪಕ್ಷದ ಕಚೇರಿಯಲ್ಲಿ, ಬಹಳ ಸಭ್ಯವಾಗಿ ಮುಗಿದಿರುತ್ತದೆ. ಮರ್ಲನಂಥವರು ಒಂದು ಮತ ಹಾಕುತ್ತಾರೆ, ಅಷ್ಟೇ ಅವರ ಶಕ್ತಿ. ನೀವು ಅವರ ಹೆಸರಿನಲ್ಲಿ ಒಬ್ಬ ಅಭ್ಯರ್ಥಿಯನ್ನೇ ಇಲ್ಲವಾಗಿಸುತ್ತೀರಿ. ನಂತರ ನಮ್ಮಲ್ಲಿ ಯಾರಿಗೂ ಆಕೆಗೆ ಮತ ಹಾಕುವ ಅವಕಾಶವೇ ಸಿಗುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಇನ್ನೊಬ್ಬರು ಬಂದಾಗ ನೀವು ಹೇಳಬಹುದು, ಈ ಕ್ಷೇತ್ರದಿಂದ ಕಪ್ಪು ಅಭ್ಯರ್ಥಿ ಗೆದ್ದ ಉದಾಹರಣೆಯೇ ಇಲ್ಲ. ನಿಜವಾಗಿಯೂ ಇರುವುದಿಲ್ಲ. ನೀವು ನಿಲ್ಲಲು ಬಿಟ್ಟಿದ್ದರೆ ತಾನೆ?

ಸೋಲಬಹುದು ಎನ್ನುತ್ತೀರಿ. ಸೋಲಬಹುದು. ಡಾರ್ಲೀನಳ "ಅದು ಬೇರೆ" ಎಷ್ಟು ಅಡುಗೆಮನೆಗಳಲ್ಲಿದೆಯೋ ನನಗೂ ಗೊತ್ತಿಲ್ಲ. ಆ ಮಾತು ಮತಪೆಟ್ಟಿಗೆಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತದೋ ಅದೂ ಗೊತ್ತಿಲ್ಲ. ಆದರೆ ಲಿಂಡ್ಗ್ರೆನ್ ಅವರ ಸೋಲಿಗೆ ಯಾರೂ ಮುಂಚಿತವಾಗಿ ಚಿತ್ರ ಬರೆಸಲಿಲ್ಲ. ಬಿಳಿಯ ಪುರುಷನಿಗೆ ಎರಡು ಸಲ ಸೋಲುವ ಹಕ್ಕು ನಮ್ಮ ಪಕ್ಷದಲ್ಲಿದೆ, ಬೇಕಾದರೆ ಮೂರನೆಯದೂ. ಡಾಕ್ಟರ್ ಟಿಡ್ವೆಲ್ ಅವರಿಗೆ ಒಂದು ಸಲ ಸೋಲುವ ಹಕ್ಕಾದರೂ ಬೇಡವೇ?

ನನ್ನ ಬೇಡಿಕೆ ದೊಡ್ಡದಲ್ಲ. ಆಕೆಗೆ ಮಾಡಿದ ಆ ಫೋನಿನ ಮಾತನ್ನು ಶನಿವಾರ ಬೆಳಗಾಗುವುದರೊಳಗೆ ಹಿಂದಕ್ಕೆ ಪಡೆಯಿರಿ. ಮೊದಲನೆಯ ಪ್ರಶ್ನೆಗೆ ಬಂದ ಉತ್ತರವನ್ನು ಎರಡನೆಯದರ ಪಕ್ಕದಲ್ಲಿ, ಅಷ್ಟೇ ದೊಡ್ಡದಾಗಿ, ಎಲ್ಲ ಡೆಲಿಗೇಟುಗಳಿಗೆ ತೋರಿಸಿ. ಹಾಗೆ ಮಾಡಲಾಗದಿದ್ದರೆ, ಶನಿವಾರ ನೀವು ಮೈಕಿನ ಮುಂದೆ ಬಂದು ಮಾತಾಡುವಾಗ ಒಂದು ನಿಯಮ ಪಾಲಿಸಿ: 'ಜನ' ಎಂಬ ಪದವಿಲ್ಲದೆ ಮಾತಾಡಿ. 'ನೆರೆಯವರು', 'ಹಳ್ಳಿಯ ಕಡೆಯವರು', 'ಸಾಮಾನ್ಯ ಮತದಾರ', ಇವೂ ಬೇಡ. "ನನಗೆ ಆಕೆ ಬೇಡ" ಎಂದು ನಿಮ್ಮ ಹೆಸರಿನಲ್ಲಿ ಹೇಳಿ. ಮರ್ಲನಿಗೆ ಸಾಧ್ಯವಾದದ್ದು ನಿಮಗೆ ಸಾಧ್ಯವಾಗದೇ?

ನಿನ್ನೆ ಡಾರ್ಲೀನ್ ಮನೆಗೆ ಮತ್ತೆ ಹೋಗಿದ್ದೆ. ನಾನು ಹೆಸರು ಸೂಚಿಸಿದರೆ ನೀನು ಅನುಮೋದಿಸುತ್ತೀಯಾ ಎಂದು ಕೇಳಿದೆ.

"ನೀನಾ? ಮೈಕ್ ಮುಂದೇನಾ?" ಎಂದಳು. ಬಹಳ ಹೊತ್ತು ಪಾತ್ರೆ ಒರೆಸಿದಳು. "ಆ ಕೊಟ್ಟಿಗೆ, ಟೀವಿ ಅಂತ ಅವತ್ತು ನಾನು ಏನೋ ಅಂದೆನಲ್ಲ, ಅದನ್ನ ವರ್ನೆಲ್‌ಗೆ ಹೇಳಿದ್ಯಾ?"

"ಹೇಳಿದೆ."

"ಅಯ್ಯೋ ದೇವ್ರೇ." ಒರೆಸುತ್ತಿದ್ದ ಪಾತ್ರೆಯನ್ನೇ ಇನ್ನೊಮ್ಮೆ ಒರೆಸಿದಳು. "ನೋಡೋಣ ಕಣೆ. ಶನಿವಾರ ಹಸು ಕರೆದಾದ್ಮೇಲೆ ಬರ್ತೀನಿ. ನೋಡೋಣ."

ನಮ್ಮ ಕಡೆ "ನೋಡೋಣ" ಎಂದರೆ ಹೂಂ ಎಂದೂ ಆಗಬಹುದು, ಉಹೂಂ ಎಂದೂ ಆಗಬಹುದು. ಅದನ್ನು ನೀವು ಯಾವ ಬಣ್ಣಕ್ಕೆ ಸೇರಿಸುತ್ತೀರೋ ತಿಳಿಯದು. ನಾನು ಯಾವುದಕ್ಕೂ ಸೇರಿಸಿಲ್ಲ. ಅವಳು ಏಳದಿದ್ದರೆ ಬೇರೆ ದಾರಿಯಿಲ್ಲ: ಲೋಯಿಸ್ ಡೆಲಿಗೇಟ್ ಅಲ್ಲ, ಗೆರ್ಹಾರ್ಡನೂ ಅಲ್ಲ. ಅನುಮೋದಿಸಿ ಎಂದು ಕೇಳುವಷ್ಟು ಪರಿಚಯದ ಡೆಲಿಗೇಟು ನನಗೆ ಬೇರೆ ಯಾರೂ ಇಲ್ಲ.

ಆದರೂ ತೀರ್ಮಾನಿಸಿದ್ದೇನೆ. ಹೆಸರು ಸೂಚಿಸಲು ಕರೆದಾಗ ನಾನು ಏಳುತ್ತೇನೆ. ಮೈಕಿನ ತನಕ ನಡೆಯುತ್ತೇನೆ. ಮಿಲ್ ಕ್ರೀಕ್ ರಸ್ತೆಯವಳು ಎಂದು ಹೇಳಿ ಆಮೇಲೆ ಡಾಕ್ಟರ್ ವರ್ನೆಲ್ ಟಿಡ್ವೆಲ್ ಎಂದು ಹೇಳುತ್ತೇನೆ. ಇಷ್ಟು ಜನರ ಮುಂದೆ ನಾನು ಈವರೆಗೆ ಮಾತಾಡಿದವಳಲ್ಲ. ದನಿ ಹೇಗೆ ಬರುತ್ತದೋ ಗೊತ್ತಿಲ್ಲ. ಡಾಕ್ಟರಿಗೆ ಇನ್ನೂ ತಿಳಿಸಿಲ್ಲ.

ಇಂತಿ,
ನಿಮ್ಮ ಚಿತ್ರದ ಕೆಂಪು ಭಾಗದಲ್ಲಿ ನೀವಾಗಿಯೇ ಜಾಗ ಕೊಟ್ಟಿರುವ,
ಹ್ಯಾರಿಯೆಟ್ ಸ್ಟೆನ್ಸ್‌ರುಡ್
ಎಲ್ಲರ ನೆರೆಯವಳು